ಕುಂಟು ಮರೆಸುವ ವಿದ್ಯೆ

ಕುಂಟುವ ಎತ್ತನ್ನು ಸಂತೆಯಲ್ಲಿ ಕುಂಟದ ಎತ್ತಿನ ಹಾಗೆ ತೋರಿಸುವುದಕ್ಕೆ ದಾರಿಗಳಿವೆ. ಗಿರಾಕಿಗಳು ಬರುವುದಕ್ಕೆ ಬಹಳ ಮೊದಲೇ ಹೊಡೆದುಕೊಂಡು ಬಂದು, ಚೆನ್ನಾಗಿ ದಣಿವಾರಿಸಿ ನಿಲ್ಲಿಸಿರಬೇಕು. ಗಟ್ಟಿ ನೆಲದ ಮೇಲೆ ನಡೆಸಬಾರದು, ಮೆದು ಮಣ್ಣು ನೋಡಿ ನಡೆಸಬೇಕು. ನೋವಿರುವ ಕಾಲಿನ ಕಡೆಗೆ ತಿರುಗಿಸಬಾರದು. ಹಗ್ಗ ಹಿಡಿದವನು ಆ ಕಾಲಿನ ಪಕ್ಕದಲ್ಲೇ ಅಡ್ಡವಾಗಿ ನಡೆಯುತ್ತ, ಊರು ಕೇರಿ ಮಳೆ ಬೆಳೆ ಅಂತ ಏನಾದರೂ ಮಾತಾಡುತ್ತಿರಬೇಕು. ಇಷ್ಟೆಲ್ಲ ಮಾಡಿದರೂ ತಿಳಿದವನಿಗೆ ತಿಳಿಯುತ್ತದೆ, ಆದರೆ ಸಂತೆಗೆ ಬರುವವರೆಲ್ಲ ತಿಳಿದವರಲ್ಲ. ನೀವು ಯಾರಿಗಾದರೂ ಟೋಪಿ ಹಾಕಲೆಂದು ನಾನಿದನ್ನು ಬರೆಯುತ್ತಿಲ್ಲ, ನಿಮಗೆ ಯಾರೂ ಹಾಕದಿರಲಿ ಎಂದು ಬರೆಯುತ್ತಿದ್ದೇನೆ. ಇದನ್ನು ನನಗೆ ಕಲಿಸಿದವರು ಹರದನಹಳ್ಳಿಯ ಒಬ್ಬ ದನದ ದಲ್ಲಾಳಿ. ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಅಂಗಡಿಯಲ್ಲಿ ಕೂತರೂ ಮನಸ್ಸು ಕೂರುತ್ತಿಲ್ಲ.

ನಾನು ಗುಂಡ್ಲುಪೇಟೆಯಲ್ಲಿ ಹಿಂಡಿ ಬೂಸಾ ಅಂಗಡಿ ಇಟ್ಟಿರುವವನು. ಅಂಗಡಿ ಅಪ್ಪನಿಂದ ಬಂದದ್ದಲ್ಲ. ತೆರಕಣಾಂಬಿ ಸಂತೆಯಲ್ಲಿ ಮೂಗುದಾರ, ಕೊರಳಹಗ್ಗ ಹೆಗಲಿಗೆ ಹಾಕಿಕೊಂಡು ಮಾರುತ್ತಿದ್ದವನು, ಆಮೇಲೆ ದಲ್ಲಾಳಿಗಳ ಹಿಂದೆ ತಿರುಗಿ ಮಾತು ಕಲಿತವನು. ಯಾರ ಹಿಂದೆ ತಿರುಗಬೇಕು ಎನ್ನುವುದನ್ನು ಮಾತ್ರ ಸರಿಯಾಗಿ ಆರಿಸಿಕೊಂಡೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಈಗಲೂ ಹೇಳುತ್ತೇನೆ, ಬಂಡವಾಳ ಆಮೇಲೆ ಹುಡುಕಿಕೊಳ್ಳಿ, ಮೊದಲು ಗುರುವನ್ನು ಹುಡುಕಿಕೊಳ್ಳಿ. ಹರದನಹಳ್ಳಿಯ ಆ ದಲ್ಲಾಳಿ ನನಗೆ ಸಂಬಂಧಿಯಲ್ಲ, ಆದರೂ ಮಾವ ಎನ್ನುತ್ತಿದ್ದೆ. ಸಂತೆಯ ಅರ್ಧ ಜನಕ್ಕೆ ಅವರು ಮಾವನೇ. ಎತ್ತರದ ಆಳು, ಮಂಡಿಯ ಮೇಲಕ್ಕೆ ಕಟ್ಟಿದ ಪಂಚೆ, ಹೆಗಲ ಮೇಲೊಂದು ಟವೆಲ್ಲು, ಕಿವಿಯ ಸಂದಿಯಲ್ಲೊಂದು ಬೀಡಿ. ಆ ಬೀಡಿ ಯಾವಾಗಲೂ ಮುಂದಿನದು. ಈಗಿನದು ಬಾಯಲ್ಲಿರುತ್ತಿತ್ತು.

ನಮ್ಮ ಕಡೆ ದನದ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಮರೆಯಲ್ಲಿ ಕೈ ಕೊಟ್ಟು, ಒಬ್ಬರ ಬೆರಳನ್ನೊಬ್ಬರು ಹಿಡಿದು ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು. ಕೈ ಬೆಲೆ ಹೇಳುತ್ತಿರುವಾಗ ಮುಖ ಏನನ್ನೂ ಹೇಳಬಾರದು. ಮಾವನ ಮುಖವನ್ನು ಓದಿದವರು ಯಾರೂ ಇರಲಿಲ್ಲ. ಒಳ್ಳೆ ಲಾಭ ಬಂದಾಗಲೂ ಅವರು ತಿಥಿಯೂಟಕ್ಕೆ ಕೂತವರ ಹಾಗೆ ಇರುತ್ತಿದ್ದರು. ಕೇರಳದಿಂದ ಹಸು ಕೊಳ್ಳಲು ಬರುತ್ತಿದ್ದ ಒಬ್ಬ ಮಲಯಾಳಿ ವ್ಯಾಪಾರಿ ಮಾತ್ರ ಇವರ ಜೊತೆ ಕೈ ಕೊಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಿಮ್ಮ ಮುಖ ನೋಡಿದರೆ ನನ್ನ ಲೆಕ್ಕ ತಪ್ಪುತ್ತದೆ ಅಂತ ಅವನ ಅರೆಬರೆ ಕನ್ನಡದಲ್ಲಿ ದೂರುತ್ತಿದ್ದ.

ಎತ್ತಿನ ನೋವು ಎಲ್ಲಿದೆ ಎನ್ನುವುದನ್ನು ಕಂಡುಹಿಡಿಯಲು ಕಾಲು ನೋಡಬೇಡ, ತಲೆ ನೋಡು ಅನ್ನುತ್ತಿದ್ದರು. ಮುಂಗಾಲು ನೋಯುತ್ತಿದ್ದರೆ, ಆ ಕಾಲು ನೆಲ ಮುಟ್ಟುವಾಗ ಎತ್ತು ತಲೆ ಎತ್ತುತ್ತದೆ, ಒಳ್ಳೆಯ ಕಾಲು ಊರಿದಾಗ ತಲೆ ತಗ್ಗಿಸುತ್ತದೆ. ಗೊರಸಿನ ನೋವಾದರೆ ಕಲ್ಲುನೆಲ ಕಂಡು ಹಿಂಜರಿಯುತ್ತದೆ. ಕೀಲಿನ ನೋವಾದರೆ ಎದ್ದ ಕೂಡಲೇ ಕುಂಟಿ, ನಡೆಯುತ್ತ ನಡೆಯುತ್ತ ಸರಿಹೋಗುತ್ತದೆ. ಒಮ್ಮೆ ನಾನು ಪಾಪ, ಬಾಯಿಲ್ಲದ ಪ್ರಾಣಿ ಎಂದೆ. ಮಾವ ಬೀಡಿ ತೆಗೆದು ನನ್ನ ಮುಖ ನೋಡಿದರು.

"ಅದ್ಕ ಬಾಯಿಲ್ದೆ ಇದ್ರೂ ನೋವ ಮುಚ್ಚಾಕದು ಗೊತ್ತಿಲ್ಲ ಕಣ್ಲಾ. ಆ ಕೆಲ್ಸುಕ್ಕ ನಾವು ಬೇಕು."

ಮಾವ ಸಂತೆಯಲ್ಲಿ ನಡೆಯುವ ರೀತಿ ಬೇರೆಯೇ ಇತ್ತು. ಸ್ವಲ್ಪ ದೂರ ಹೋಗಿ ನಿಂತುಬಿಡುವರು. ಯಾವುದೋ ಹೋರಿಯನ್ನು ಮೇಲಿಂದ ಕೆಳಗೆ ನೋಡುವರು, ಹಲ್ಲು ನೋಡುವರು, ಬೆನ್ನು ಸವರುವರು, ಮತ್ತೆ ಹೊರಡುವರು. ಮತ್ತೆ ಸ್ವಲ್ಪ ದೂರಕ್ಕೆ ಇನ್ನೊಂದು ಹಸು. ಕೊಳ್ಳುವ ಉದ್ದೇಶ ಇಲ್ಲದೆಯೂ ಹೀಗೆ ನಿಲ್ಲುವುದರಿಂದ ಬೇರೆ ದಲ್ಲಾಳಿಗಳಿಗೆ ಗಲಿಬಿಲಿ. ಈ ಮುದುಕ ಏನು ಕಂಡ ಅದರಲ್ಲಿ ಎಂದು ಅವರೂ ಬಂದು ನೋಡುತ್ತಿದ್ದರು. ಇದು ಬೆಲೆ ಏರಿಳಿಸುವ ಉಪಾಯ ಎಂದು ನಾವೆಲ್ಲ ನಂಬಿದ್ದೆವು. ನನ್ನ ಓರಗೆಯ ಒಂದಿಬ್ಬರು ಅದನ್ನೇ ಕಾಪಿ ಮಾಡಿ ನಿಂತು ನಿಂತು ನಡೆಯುವುದನ್ನು ಕಲಿತರು.

ಒಂದು ಸಂತೆಯ ದಿನ ಮಾವ ನನ್ನ ಕಣ್ಣೆದುರೇ ಹಾಗೆ ನಿಂತರು. ಕತ್ತು ವಾಲಿಸಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ನೋಡಿದರು. ನಾನೂ ಪಕ್ಕಕ್ಕೆ ಹೋಗಿ ನೋಡಿದೆ. ಅಲ್ಲಿ ದನ ಇರಲಿಲ್ಲ. ಬರೀ ಗೂಟ ಇತ್ತು.

ಅವರ ಹಣೆಯಲ್ಲಿ ಬೆವರು. ಪಂಚೆಯ ಕೆಳಗೆ ಎಡಗಾಲಿನ ಮೀನಖಂಡ ಕಲ್ಲಾಗಿ ನಿಂತಿತ್ತು. ಸ್ವಲ್ಪ ಹೊತ್ತಿಗೆ ಅದು ಸಡಿಲವಾಯಿತು, ಅವರು ಏನೂ ಆಗದವರ ಹಾಗೆ ಹೆಜ್ಜೆ ಹಾಕಿದರು. ಏನು ಮಾವ ಎಂದು ಕೇಳಿದರೆ, ಉಳುಕು ಎಂದರು. ಎಷ್ಟು ದಿನದಿಂದ ಎಂದರೆ, ಉಳುಕಿಗೆ ಜಾತಕ ಬರೆಸಿಲ್ಲ ಎಂದರು.

ಉಳುಕು ಎಂದರೆ ಉಳುಕೇ ಎಂದು ಒಪ್ಪಿಕೊಳ್ಳುವುದು ನಮ್ಮ ಜನಕ್ಕೆ ಎಷ್ಟು ಸುಲಭ ನೋಡಿ. ನಮ್ಮಲ್ಲಿ ನೋವಿಗೆ ಹೆಸರುಗಳೇನು ಕಡಿಮೆಯಿಲ್ಲ. ಕುಕ್ಕುತ್ತದೆ, ಉರಿಯುತ್ತದೆ, ಸೆಳೆಯುತ್ತದೆ, ಹಿಡಿದುಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಕಿತ್ತು ತಿನ್ನುತ್ತದೆ. ಒಂದೊಂದು ಮಾತಿನ ಹಿಂದೆಯೂ ಒಂದೊಂದು ಕಾರಣ ಇದೆ. ಕಾರಣ ಹೇಳುವಾಗ ಮಾತ್ರ ಸೊಂಟದಿಂದ ಕೆಳಗೆಲ್ಲ ವಾಯು, ಮೇಲೆಲ್ಲ ಗ್ಯಾಸು ಎಂದು ಮುಗಿಸುತ್ತೇವೆ. ಮಾವನ ಮನೆಯಲ್ಲೂ ಹಾಗೇ ಆಯಿತು. ಹರದನಹಳ್ಳಿಯವರೊಬ್ಬರು ವಾಯು ಎಂದರು, ಇನ್ನೊಬ್ಬರು ನರ ಹೊರಳಿದೆ ಎಂದರು. ಮಾವ ತಾವೇ ಇಟ್ಟಿಗೆ ಕಾಯಿಸಿ, ಬಟ್ಟೆ ಸುತ್ತಿ ಪಾದಕ್ಕೆ ಶಾಖ ಕೊಟ್ಟುಕೊಳ್ಳುತ್ತಿದ್ದರು. ಪಾದ ಸದಾ ತಣ್ಣಗಿರುತ್ತದೆ, ಬಿಸಿ ಮುಟ್ಟಿಸಿದರೆ ಹಿತ ಎನ್ನುತ್ತಿದ್ದರು.

ನಾನು ಒತ್ತಾಯ ಮಾಡಿ ಚಾಮರಾಜನಗರಕ್ಕೆ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನಿಂದ ನಡೆದರೆ ಆಗುತ್ತಿತ್ತು, ಮಾವ ಆಟೋ ಹತ್ತಿದರು. ಒಳಗೆ ಹೋಗುವ ಮೊದಲು ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಚೆನ್ನಾಗಿ ಸುಧಾರಿಸಿಕೊಂಡರು. ನಮಗಿಂತ ಹಿಂದೆ ಬಂದವರನ್ನು ಮುಂದೆ ಬಿಟ್ಟರು. ಹೆಸರು ಕೂಗಿದಾಗ ಎದ್ದು ನೆಟ್ಟಗೆ, ಪೊಲೀಸಿನವರ ಹಾಗೆ ನಡೆದು ಹೋದರು. ಕಾಲು ಹಿಡಿದುಕೊಳ್ಳುವುದಕ್ಕೆ ಬೇಕಾದಷ್ಟು ದೂರ ಆ ರೂಮಿನಲ್ಲಿ ಇರಲಿಲ್ಲ.

ಡಾಕ್ಟರಮ್ಮ ಎಲ್ಲಿ ನೋವು ಎಂದು ಕೇಳಿದರು. ಮಾವ ಮಂಡಿ ತೋರಿಸಿದರು. ವಯಸ್ಸಾದವರಿಗೆ ಮಂಡಿ ನೋವು ಮರ್ಯಾದೆಯ ನೋವು, ಯಾರೂ ಹೆಚ್ಚು ಕೇಳುವುದಿಲ್ಲ. ಹತ್ತು ಅಂದರೆ ತಡೆಯಲಾರದ ನೋವು, ಸೊನ್ನೆ ಅಂದರೆ ನೋವೇ ಇಲ್ಲ, ನಿಮಗೆ ಹತ್ತಕ್ಕೆ ಎಷ್ಟು ಅಂತ ಕೇಳಿದರು.

"ಎರಡು" ಎಂದರು ಮಾವ. ಸ್ವಲ್ಪ ತಡೆದು, "ಎರಡೂ ಇಲ್ಲ ಬುಡಿ" ಎಂದರು.

ನಾನು ಪಕ್ಕದಿಂದ ಬಾಯಿ ಹಾಕಿದೆ. ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಹೇಳಲು ಹೋದೆ. ನೋವು ಅವರದು, ಅವರೇ ಹೇಳಲಿ ಎಂದು ಡಾಕ್ಟರಮ್ಮ ನನ್ನನ್ನು ತಡೆದರು. ಅವರು ಮಾಡಿದ್ದು ಸರಿಯೇ. ಮಂಡಿಗೆ ಹಚ್ಚುವ ಮುಲಾಮು, ಮಾತ್ರೆ ಬರೆದುಕೊಟ್ಟು, ಕಡಿಮೆಯಾಗದಿದ್ದರೆ ಬೇಗ ಬನ್ನಿ, ಬೀಡಿ ಬಿಡಿ ಎಂದರು. ಹೊರಗೆ ಬಂದ ಮೇಲೆ ನಾನು ರೇಗಿದೆ. ಮಾವ ಟೀ ಅಂಗಡಿಯಲ್ಲಿ ಕೂತು ನನಗೆ ಪಾಠ ಹೇಳಿದರು.

"ಎಷ್ಟು ಅಂತ ಕೇಳ್ದೋರ್ಗ ಮೊದಲ್ನೇ ಮಾತ್ಗೇ ಪೂರಾ ಯೋಳ್ಬುಟ್ರ ಆಮೇಲ ಎಲ್ಲಿಗ್ಲಾ ಓಗದು? ನಾ ಎರಡು ಅಂದೆ, ಅವ್ರು ಆರು ಅನ್ಲಿ, ನಾಕ್ಕ ಬಂದು ನಿಲ್ಲದು. ಅವ್ರು ಮುಂದಕ್ಕೇ ಬರ್ನಿಲ್ಲ. ನಾನೇನ್ಲಾ ಮಾಡನ?"

ನಗು ಬಂತು ನನಗೆ. ನಿಜ ಹೇಳಬೇಕೆಂದರೆ ಮಾತಿನ ಚಂದಕ್ಕೆ ಮೆಚ್ಚಿಕೊಂಡೂಬಿಟ್ಟೆ. ಜೀವಮಾನವೆಲ್ಲ ಕೇಳಿದವರಿಗೆ ನಿಜವಾದ ಬೆಲೆ ಹೇಳದೆ ಬದುಕಿದವರಿಗೆ ಡಾಕ್ಟರ ಕುರ್ಚಿಯಲ್ಲಿ ಕೂತವರೂ ಒಬ್ಬ ಗಿರಾಕಿಯೇ. ಹೆಚ್ಚು ಹೇಳಿದರೆ ಹೆಚ್ಚು ಕೇಳುತ್ತಾರೆ, ಇಂಜೆಕ್ಷನ್ನು, ಅಡ್ಮಿಷನ್ನು, ಆಪರೇಷನ್ನು. ಕಡಿಮೆ ಹೇಳಿದರೆ ಮುಲಾಮಿನಲ್ಲಿ ಮುಗಿಯುತ್ತದೆ.

ಓದುವವರಿಗೆ ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಡೆದರೆ ಬರುವ ನೋವಾದರೆ ಡಾಕ್ಟರ ಹತ್ತಿರ ನಡೆದೇ ಹೋಗಿ, ಬಂದ ನೋವನ್ನು ಇದ್ದ ಹಾಗೆ ತೋರಿಸಿ. ಎಲ್ಲಿ ಶುರುವಾಗುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ, ಏನು ಮಾಡಿದರೆ ಬಿಡುತ್ತದೆ, ಈ ಮೂರನ್ನು ಅವರು ಕೇಳದಿದ್ದರೂ ಹೇಳಿ. ಸೊಂಟದಿಂದ ತಂತಿ ಎಳೆದ ಹಾಗೆ ಪಾದದವರೆಗೆ ಇಳಿಯುವುದು ನರದ್ದು. ಕೂತು ಎದ್ದಾಗ ಹಿಡಿದು, ನಾಲ್ಕು ಹೆಜ್ಜೆಗೆ ಬಿಡುವುದು ಹೆಚ್ಚಾಗಿ ಕೀಲಿನದು. ನಡೆಯುವಾಗ ಹಿಡಿದು, ನಿಂತರೆ ಬಿಡುವುದು ರಕ್ತದ್ದು. ಇದು ಯಾವುದೂ ನನ್ನ ಸ್ವಂತ ಜ್ಞಾನವಲ್ಲ. ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು, ಹೋದವರನ್ನು ಬಂದವರನ್ನು ಪೀಡಿಸಿ ಕೇಳಿಕೊಂಡದ್ದು. ಇದನ್ನು ಓದಿ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ, ಹೋಗಿ ಸರಿಯಾಗಿ ಹೇಳಿ.

ಮಾವ ಆಮೇಲೆ ಸಂತೆಗೆ ಬರುವುದು ಕಡಿಮೆಯಾಯಿತು. ಬಂದರೆ ಹುಣಸೆಮರದ ಕೆಳಗೆ ಕೂತು, ದನವನ್ನೇ ತಮ್ಮ ಹತ್ತಿರಕ್ಕೆ ಹೊಡೆಸಿಕೊಳ್ಳುತ್ತಿದ್ದರು. ದೊಡ್ಡ ಮನುಷ್ಯನಾದ ಎಂದು ಜನ ಆಡಿಕೊಂಡರು. ಒಂದು ದಿನ ಅತ್ತೆ, ಅಂದರೆ ಅವರ ಹೆಂಡತಿ, ನನಗೆ ಫೋನ್ ಮಾಡಿದರು. ಆಯಮ್ಮ ಫೋನ್ ಮಾಡುವವರಲ್ಲ.

"ಮಲಿಕ್ಕಳದೇ ಇಲ್ಲ ಕಣಪ್ಪ. ಕಾಲು ನೀಡಿದ್ರ ಪ್ರಾಣ ಓಯ್ತದ ಅಂತಾರ. ಮಂಚದಿಂದ ಕೆಳಕ್ಕ ಇಳಿಬುಟ್ಕಂಡು ಕೂತೇ ಇರ್ತಾರ. ಕಾಲ್ಬೆಟ್ಟು ಕಪ್ಪಾಗ್ಬುಟ್ಟದ. ನಾ ಯೋಳ್ದಿ ಅಂತ ಯೋಳ್ಬ್ಯಾಡ."

ನಾನು ಬೂಸಾ ಮೂಟೆ ಇಳಿಸುತ್ತಿದ್ದ ಗಾಡಿಯನ್ನು ಹಾಗೇ ಬಿಟ್ಟು ಹರದನಹಳ್ಳಿಗೆ ಹೋದೆ. ಎಡಗಾಲಿನ ಹೆಬ್ಬೆರಳು ಸುಟ್ಟ ಬದನೆಕಾಯಿಯ ಹಾಗೆ ಇತ್ತು. ಇಟ್ಟಿಗೆಯ ಶಾಖಕ್ಕೆ ಎದ್ದ ಬೊಬ್ಬೆ ವಾಸಿಯಾಗದೆ ಹುಣ್ಣಾಗಿತ್ತು. ರಕ್ತ ಸಾಲದ ಪಾದಕ್ಕೆ ಬಿಸಿ ಎಷ್ಟು ಎಂದು ತಿಳಿಯುವುದಿಲ್ಲವಂತೆ, ಸುಟ್ಟರೆ ಮಾಯುವುದೂ ಇಲ್ಲವಂತೆ. ದಯವಿಟ್ಟು ತಣ್ಣಗಿರುವ ಕಾಲಿಗೆ ಯಾರೂ ಇಟ್ಟಿಗೆ ಇಡಬೇಡಿ. ಮಾವ ನನ್ನನ್ನು ಕಂಡು ಪಂಚೆ ಎಳೆದು ಮುಚ್ಚಿಕೊಂಡರು.

ಈ ಸಲ ನಾನು ಅವರ ಮಾತಿಗೆ ಕಾಯಲಿಲ್ಲ. ಬಾಡಿಗೆ ಕಾರು ಮಾಡಿ ಚಾಮರಾಜನಗರಕ್ಕೆ ಕರೆತಂದು, ಡಾಕ್ಟರಮ್ಮನ ರೂಮಿನ ಹೊರಗೆ ಬೆಂಚಿನ ಮೇಲೆ ಕೂರಿಸಿದೆ. ಒಳಗೆ ಹೋದರೆ ಮತ್ತೆ ಎರಡು ಅನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಅವರ ಹೆಗಲಿನ ಟವೆಲ್ಲು ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿ, ಬಾಯಲ್ಲಿ ಬೇಡ ಮಾವ, ಇಲ್ಲಿ ಹೇಳಿ ಎಂದೆ. ಅವರು ಸುತ್ತ ನೋಡಿದರು. ಆಮೇಲೆ ನನ್ನ ಕೈಯ ಐದೂ ಬೆರಳನ್ನು ಒಟ್ಟಿಗೆ ಹಿಡಿದರು. ಬಿಟ್ಟರು. ಮತ್ತೆ ಐದನ್ನೂ ಹಿಡಿದರು. ಎರಡನೇ ಸಲ ಹಿಡಿದದ್ದನ್ನು ಬಿಡಲಿಲ್ಲ. ನರ್ಸು ಬಂದು ಕರೆದರೂ ಬಿಡಲಿಲ್ಲ. ಮುಖ ಮಾತ್ರ ಹಾಗೇ ಇತ್ತು, ಎದುರಿಗೆ ಕೂತವರಿಗೆ ನಾವು ಹಸು ವ್ಯಾಪಾರ ಮಾಡುತ್ತಿದ್ದೇವೆ ಎನಿಸಿರಬೇಕು.

ಡಾಕ್ಟರಮ್ಮ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಗಿಣ್ಣಿನ ಹಿಂದೆ ಹುಡುಕಿದರು. ಮಂಡಿಯ ಹಿಂದೆ ಹುಡುಕಿದರು. ಇನ್ನೊಂದು ಕಾಲಿನಲ್ಲಿ ಹುಡುಕಿ, ಮತ್ತೆ ಇದಕ್ಕೆ ಬಂದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಎಲ್ಲಾದರೂ ಒಂದು ಕಡೆ ನಿಂತು, ಸಿಕ್ಕಿತು ಅನ್ನಲಿ ಎಂದು ಎಲ್ಲ ದೇವರಿಗೂ ಹರಸಿಕೊಂಡೆ. ಅವರ ಬೆರಳು ನಿಲ್ಲಲೇ ಇಲ್ಲ. ಆಮೇಲೆ ಅವರು ಕಾಗದ ಎಳೆದುಕೊಂಡು ಅದರ ಮೇಲೆ ಒಂದು ಗೆರೆ ಎಳೆದು ತೋರಿಸಿದರು. ನಿಮ್ಮ ತೋಟದಲ್ಲಿ ಡ್ರಿಪ್ ಪೈಪಿಗೆ ಉಪ್ಪು ಕಟ್ಟಿದರೆ ಯಾವ ಗಿಡ ಮೊದಲು ಒಣಗುತ್ತದೆ ಎಂದು ಕೇಳಿದರು. ಕೊನೇದು ಎಂದೆ ನಾನು. ಹಾಗೇ ಇದು, ಹೊಟ್ಟೆಯಿಂದ ಕಾಲಿಗೆ ಬರುವ ರಕ್ತನಾಳ ಬೀಡಿಯಿಂದ ಕಟ್ಟಿಕೊಂಡಿದೆ, ಬೆರಳು ಕೊನೆಯ ಗಿಡ. ನಡೆಯುವಾಗ ಹಿಡಿದುಕೊಳ್ಳುತ್ತಿದ್ದದ್ದು ಖಂಡಕ್ಕೆ ರಕ್ತ ಸಾಲದೆ. ಮಲಗಿದರೆ ನೋವು, ಇಳಿಬಿಟ್ಟರೆ ಕಡಿಮೆ ಅಂದರೆ, ಈಗ ಸುಮ್ಮನಿದ್ದರೂ ಸಾಲುತ್ತಿಲ್ಲ.

"ಬೀಡಿ ಬಾಯಲ್ಲಿ ಸೇದದು. ಕಾಲ್ಗ ಎಂಗ್ ಓಯ್ತದ?" ಎಂದರು ಮಾವ.

"ರಕ್ತ ಎಲ್ಲ ಕಡೆಗೂ ಹೋಗುತ್ತಲ್ಲ ಯಜಮಾನರೇ" ಎಂದರು ಅವರು. "ನೀವು ಅವತ್ತು ಯಾಕೆ ಮಂಡಿ ತೋರಿಸಿದಿರಿ?"

ಮಾವ ಕಿವಿಯ ಸಂದಿಯ ಬೀಡಿ ತೆಗೆದು ಟವೆಲ್ಲಿನಲ್ಲಿ ಸುತ್ತಿಟ್ಟುಕೊಂಡರು.

ಅಲ್ಲಿಂದ ಮೈಸೂರಿನ ದೊಡ್ಡ ಆಸ್ಪತ್ರೆಗೆ. ಅಲ್ಲಿಯ ಸರ್ಜನ್ನು ನೋಡಿ, ಇವತ್ತೇ ಅಡ್ಮಿಟ್ ಆಗಿ, ನಾಳ ಬಿಡಿಸಲು ಪ್ರಯತ್ನ ಮಾಡೋಣ, ಹೆಬ್ಬೆರಳು ತೆಗೆಯಬೇಕು, ಪಾದ ಉಳಿಯಬಹುದು ಎಂದರು. ಒಳ್ಳೆಯ ವ್ಯಾಪಾರ ಎಂದರೆ ಅದೇ. ನಾನಾಗಿದ್ದರೆ ಅಲ್ಲೇ ಕೈ ಕೊಡುತ್ತಿದ್ದೆ. ಮಾವ, ಬೆರಳಿನ ತುದಿ ಮಾತ್ರ ತೆಗೆಯಿರಿ ಎಂದರು. ಆಗುವುದಿಲ್ಲ ಎಂದಾಗ ಊರಿಗೆ ಹೋಗಿ ವಿಚಾರ ಮಾಡಿ ಬರುತ್ತೇನೆ ಎಂದು ಎದ್ದೇಬಿಟ್ಟರು. ಕೊಳ್ಳುವವನು ಬೆನ್ನು ತಿರುಗಿಸಿ ಹತ್ತು ಹೆಜ್ಜೆ ಹೋದರೆ ಮಾರುವವನು ಹಿಂದೆ ಬಂದು ಕೂಗಬೇಕು, ಅದು ಸಂತೆಯ ಧರ್ಮ. ಇಲ್ಲಿ ಯಾರೂ ಕೂಗಲಿಲ್ಲ. ಸರ್ಜನ್ನು ಮುಂದಿನವರನ್ನು ಕರೆದರು.

ಊರಿನಲ್ಲಿ ನಾನು ಹೇಳದ ಮಾತಿಲ್ಲ. ನಾನು ಬಾಯಿಯಿಂದ ಬದುಕಿದವನು, ಮಾರುವುದಿಲ್ಲ ಎಂದು ಹಟ ಹಿಡಿದವರಿಂದ ಮಾರಿಸಿದವನು. ಬೈದೆ, ಬೇಡಿದೆ, ಒಂದು ಕಾಲಿನಲ್ಲಿ ಬದುಕುತ್ತಿರುವವರನ್ನು ಕರೆತಂದು ಮುಂದೆ ಕೂರಿಸಿದೆ. ಕೊನೆಗೆ ಕಾಲು ಹಿಡಿಯಲು ಬಗ್ಗಿದೆ. ಆ ಕಾಲು ಹಿಡಿದರೆ ನೋವಾದೀತೆಂದು ಇನ್ನೊಂದನ್ನು ಹಿಡಿದುಕೊಂಡೆ. ಮಾವ ಗೋಡೆ ನೋಡುತ್ತ, ಕುಂಟು ದಲ್ಲಾಳಿಯ ಎತ್ತನ್ನು ಯಾರು ನಂಬುತ್ತಾರೆ ಎಂದರು. ಅತ್ತೆ ಒಳಗೆ ಪಾತ್ರೆ ತೊಳೆಯುತ್ತಲೇ ಇದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು.

ಜ್ವರ ಬಂದು, ಮಾತು ತೊದಲತೊಡಗಿದ ಮೇಲೆ ಎತ್ತಿಕೊಂಡು ಹೋದೆವು. ಆಗ ಮಂಡಿಯ ಕೆಳಗೆ ಕಾಲು ತೆಗೆಯಬೇಕು ಎಂದರು. ಮಾವ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ, ಬೆರಳು ತಗೊಳ್ಳಿ, ಹೆಬ್ಬೆರಳು ಪೂರಾ ಕೊಡುತ್ತೇನೆ ಎಂದರು. ಸರ್ಜನ್ನು ಇಲ್ಲ ಎಂದರು. ಪಾದ ತಗೊಳ್ಳಿ ಎಂದರು. ಇಲ್ಲ. ಗಿಣ್ಣಿನ ಹತ್ತಿರ ಕೈಯಿಟ್ಟು, ಇಲ್ಲಿಗೆ ಮುಗಿಸಿ ಎಂದರು. ಸಹಿ ಮಾಡದೆ ಇನ್ನೂ ಸತಾಯಿಸಿದರು. ಅಷ್ಟರಲ್ಲಿ ನಂಜಿನ ಕೆಂಪು ಮಂಡಿ ದಾಟಿತ್ತು, ಈಗ ತೊಡೆಯಲ್ಲೇ ತೆಗೆಯಬೇಕು ಎಂದರು ಸರ್ಜನ್ನು. ಮಾವ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ನಾನು ಮೊದಲನೇ ಸಲ ಏನನ್ನೋ ಓದಿದೆ.

"ಹೊತ್ತು ಇಳೀತಾ ಇಳೀತಾ ಬೆಲೆ ಇಳೀಬೇಕು ಕಣ್ಲಾ. ಇವ್ರು ಏರುಸ್ತಾವ್ರ. ಇದ್ಯಾವ್ ಸಂತೆಲಾ?"

ಸಹಿ ಹಾಕಿದ್ದು ಅತ್ತೆ.

ಆಮೇಲೆ ಮಾವ ಒಂದು ವರ್ಷಕ್ಕೆ ಮೇಲೆ ಬದುಕಿದರು. ಕಾಲಿನ ನಾಳ ಕಟ್ಟಿದವರಿಗೆ ಎದೆಯ ನಾಳವೂ ಕಟ್ಟಿರುವುದುಂಟು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು, ಅದರಿಂದಲೇ ಹೋದರು. ಆ ವರ್ಷದಲ್ಲಿ ಸಂತೆಯ ಸುದ್ದಿ ಹೇಳಲು ಹೋದಾಗಲೆಲ್ಲ ಕೇಳುತ್ತಿದ್ದರು, ಆದರೆ ಅವರ ಕಿವಿ ಬೇರೆ ಕಡೆ ಇರುತ್ತಿತ್ತು. ಒಂದು ದಿನ ಹತ್ತಿರ ಕರೆದು, ಯಾರಿಗೂ ಹೇಳಬೇಡ, ಹೆಬ್ಬೆರಳು ಉರಿಯುತ್ತದೆ ಎಂದರು. ಬಲಗಾಲಿನದೇ ಎಂದು ಕೇಳಿದೆ. ಅಲ್ಲ, ಹೋಯಿತಲ್ಲ ಅದು ಎಂದರು. ತಲೆ ಕೆಟ್ಟಿದೆ ಅನ್ನುತ್ತಾರೆ ಎಂದು ಹೆದರಿದ್ದರು. ನಾನು ಡಾಕ್ಟರಮ್ಮನನ್ನು ಕೇಳಿದೆ. ಸುಳ್ಳಲ್ಲ, ಕಾಲು ಹೋದರೂ ಕಾಲಿನ ಸುದ್ದಿ ತರುವ ನರಗಳು ಮೇಲೆ ಇವೆ, ಮೆದುಳಿನ ಲೆಕ್ಕದಲ್ಲಿ ಆ ಕಾಲು ಇನ್ನೂ ಇದೆ, ನೋವು ನಿಜವಾದದ್ದೇ ಎಂದರು. ಮಾತ್ರೆ ಬರೆದುಕೊಟ್ಟರು. ಅದರಿಂದ ಸ್ವಲ್ಪ ತಗ್ಗಿತು, ಹೋಗಲಿಲ್ಲ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನಗಬೇಡಿ, ಗದರಬೇಡಿ, ಕರೆದುಕೊಂಡು ಹೋಗಿ.

ಒಂದು ಮಧ್ಯಾಹ್ನ ಚಾಮರಾಜನಗರದ ಕೆಲಸ ಮುಗಿಸಿ ಅವರ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಮಾವ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಅತ್ತೆ ಮಂಚದ ಕೊನೆಯಲ್ಲಿ ಕೂತು, ಕಾಲಿಲ್ಲದ ಕಡೆ, ಬರೀ ಹಾಸಿಗೆಯ ಮೇಲೆ ಕೈಯಾಡಿಸುತ್ತಿದ್ದರು. ಪಾದ ನೀವುವ ಹಾಗೆಯೇ, ಹಿಮ್ಮಡಿಯಿಂದ ಬೆರಳಿನ ಕಡೆಗೆ.

"ಇನ್ನೊಸಿ ಕೆಳಕ್ಕ ಕಣಮ್ಮಿ" ಎಂದರು ಮಾವ. "ಅಲ್ಲಲ್ಲ, ಒಳಗಡೀಕ. ಹೆಬ್ಬೆಟ್ಟ ಬುಡುದಲ್ಲಿ."

ಅತ್ತೆ ಕೈ ಸರಿಸಿದರು. "ಇಲ್ಲೇನಾ?"

"ಊಂ, ಅಲ್ಲೇಯ. ಬಲವಾಗಿ ಒತ್ತು. ತಡಿಯಕ್ಕಾಯ್ತಿಲ್ಲ."

ಅತ್ತೆ ಎರಡೂ ಹೆಬ್ಬೆರಳು ಕೂಡಿಸಿ ಒತ್ತಿದರು. ಆ ಜಾಗದಲ್ಲಿ ಹಾಸಿಗೆ ಕುಗ್ಗಿತು. ಮಾವ ಉಸಿರು ಬಿಟ್ಟರು.